ಜರ್ಮನಿಗೆ ಕೆಲಸಕ್ಕೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ: ಯಾವುದು ಮೊದಲು, ಯಾವುದು ಆಮೇಲೆ

ಹೋದ ವರ್ಷ ಒಂದು ಭಾನುವಾರ ಹಾಸನದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಜರ್ಮನಿಗೆ ಬಂದು ಎರಡು ತಿಂಗಳಾಗಿತ್ತು. "ಅಣ್ಣಾ, ಒಪ್ಪಂದದಲ್ಲಿ ಬರೆದಿರೋದರ ಅರ್ಧದಷ್ಟೇ ಸಂಬಳ ಬಂದಿದೆ. ಕಂಪನಿಯಲ್ಲಿ ಕೇಳಿದರೆ ಟ್ಯಾಕ್ಸ್ ನಂಬರ್ ಕೊಡಿ ಅಂತಾರೆ. ನನಗೆ ಅಂಥ ನಂಬರೇ ಬಂದಿಲ್ಲ." ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಅಂಚೆ ಪೆಟ್ಟಿಗೆ ಮೇಲೆ ನಿನ್ನ ಹೆಸರಿದೆಯಾ?" ಇರಲಿಲ್ಲ. ನಂಬರಿನ ಪತ್ರ ಬಂದಿತ್ತು, ಪೆಟ್ಟಿಗೆ ಮೇಲೆ ಹೆಸರು ಕಾಣದೆ ವಾಪಸ್ ಹೋಗಿತ್ತು.

ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಂಥ ಫೋನ್ ಆಗಾಗ ಬರುತ್ತಲೇ ಇರುತ್ತದೆ. ಫೋನ್ ಮಾಡುವವರೆಲ್ಲ ಬುದ್ಧಿವಂತರೇ, ದಾಖಲೆಗಳೂ ಇರುತ್ತವೆ. ಎಡವುವುದು ಕ್ರಮದಲ್ಲಿ. ಇಲ್ಲಿ ಮನೆಯ ಕಾಗದ ಇಲ್ಲದೆ ನೋಂದಣಿ ಆಗಲ್ಲ. ನೋಂದಣಿ ಆಗದೆ ಟ್ಯಾಕ್ಸ್ ಸಂಖ್ಯೆ ಬರಲ್ಲ. ಸಂಖ್ಯೆ ಬರದೆ ಸಂಬಳ ಸರಿಯಾಗಿ ಕೈಗೆ ಸಿಗಲ್ಲ. ಹಾಗಾಗಿ ಈ ಬರಹವನ್ನು ಕ್ರಮವಾಗಿಯೇ ಓದಿ. ಕೆಲಸದ ಒಪ್ಪಂದ ಕೈಯಲ್ಲಿ ಹಿಡಿದು ಹೊರಟವರಿಗಾಗಿ ಬರೆದದ್ದು ಇದು. ಓದಲು ಹೋಗುವವರ ದಾರಿ ಬೇರೆ.

## ಹಂತ 1: ಹೆಸರು ಸರಿ ಮಾಡಿಕೊಳ್ಳಿ

ವೀಸಾ, ವಿಮಾನ ಎಲ್ಲದಕ್ಕೂ ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರಿನ ಸಾಲು ನೋಡಿ. ನಮ್ಮ ಕಡೆ ಇನಿಶಿಯಲ್ ಇಟ್ಟುಕೊಳ್ಳುವುದು ರೂಢಿ. ಊರಿನದೊಂದು, ಅಪ್ಪನದೊಂದು. ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ. ಎಸ್.', ಪಾಸ್‌ಪೋರ್ಟ್‌ನಲ್ಲಿ 'ಮಂಜುನಾಥ ಕಡೂರು ಶಿವಣ್ಣ'. ಇನ್ನು ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ.

ಜರ್ಮನಿಯಲ್ಲಿ ಪ್ರತಿ ಫಾರಂನಲ್ಲೂ ಎರಡು ಖಾನೆ ಇರುತ್ತದೆ: 'ಫೋರ್‌ನಾಮೆ' ಅಂದರೆ ನಿಮ್ಮ ಹೆಸರು, 'ನಾಖ್‌ನಾಮೆ' ಅಂದರೆ ಮನೆತನದ ಹೆಸರು. ಒಂದು ಖಾಲಿ ಇದ್ದರೆ ಬ್ಯಾಂಕಿನವರು ಒಂದು ಥರ ತುಂಬುತ್ತಾರೆ, ವಿಮೆಯವರು ಇನ್ನೊಂದು ಥರ. ಆಮೇಲೆ ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡುವುದು ನಿಮ್ಮ ಪಾಲಿಗೆ ಬರುತ್ತದೆ. ಸರ್‌ನೇಮ್ ಖಾಲಿ ಇದ್ದರೆ ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ತುಂಬಿಸಿಕೊಳ್ಳಿ. ಅರ್ಜಿ ಹಾಕಿದ ಮೇಲೆ ಬದಲಾಯಿಸಿದರೆ ಎಲ್ಲ ಮೊದಲಿಂದ ಶುರು.

ಅಂಕಪಟ್ಟಿಯ ಇನಿಶಿಯಲ್ ಮಾತ್ರ ಬೇರೆ ಇದ್ದರೆ ನೋಟರಿ ಹತ್ತಿರ 'ಈ ಎರಡೂ ಹೆಸರು ಒಬ್ಬರದೇ' ಅನ್ನುವ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಮದುವೆ ಆಗಿದ್ದರೆ ವಿವಾಹ ನೋಂದಣಿ ಪತ್ರದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಮಕ್ಕಳ ಜನನ ಪ್ರಮಾಣಪತ್ರವೂ ಅಷ್ಟೇ.

## ಹಂತ 2: ನಿಮ್ಮ ಡಿಗ್ರಿ ಅಲ್ಲಿ ನಡೆಯುತ್ತದೆಯಾ ನೋಡಿ

ಜರ್ಮನಿಯವರ 'ಅನಾಬಿನ್' ಅನ್ನುವ ದತ್ತಾಂಶ ಕೋಶದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಟ್ಟಿ ಇದೆ. ಎರಡು ವಿಷಯ ಬೇರೆ ಬೇರೆಯಾಗಿ ನೋಡಬೇಕು. ಒಂದು, ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ 'ಎಚ್ ಪ್ಲಸ್', ಅಂದರೆ ಮಾನ್ಯತೆ ಇದೆ ಅನ್ನುವ ಗುರುತು ಇದೆಯಾ. ಎರಡು, ನಿಮ್ಮ ಪದವಿಯ ಹೆಸರಿನ ಮುಂದೆ ಅದು ಜರ್ಮನ್ ಪದವಿಗೆ ಸಮ ಅಂತ ಬರೆದಿದೆಯಾ. ಜಾಸ್ತಿ ಜನ ಮೊದಲನೆಯದನ್ನು ನೋಡಿ ಖುಷಿಯಾಗಿ ಎರಡನೆಯದನ್ನು ಮರೆಯುತ್ತಾರೆ. ಎರಡೂ ಪುಟದ ಪ್ರಿಂಟ್ ತೆಗೆದಿಡಿ.

ಕಾಲೇಜಿನ ಹೆಸರು ಹುಡುಕಿ ಸಿಗಲಿಲ್ಲ ಅಂತ ಗಾಬರಿ ಆಗಬೇಡಿ. ಪದವಿ ಕೊಡುವುದು ವಿಶ್ವವಿದ್ಯಾಲಯ, ಅದರ ಹೆಸರಲ್ಲಿ ಹುಡುಕಿ. ಎರಡರಲ್ಲಿ ಒಂದು ಸಿಗದಿದ್ದರೂ ಜರ್ಮನಿಯ 'ಜಡ್‌ಎಬಿ' (ZAB) ಎಂಬ ಸಂಸ್ಥೆಗೆ ಬರೆದು ಪದವಿ ಹೋಲಿಕೆ ಪತ್ರ ಪಡೆಯಬೇಕು. ಶುಲ್ಕ 208 ಯೂರೊ. ಕಾಯಬೇಕಾಗುತ್ತದೆ, ಆದ್ದರಿಂದ ಇದನ್ನು ಕೊನೆಗೆ ಬಿಡಬೇಡಿ.

ಇನ್ನೊಂದು ಮಾತು. ವಿಟಿಯುನಲ್ಲಿ ಓದಿದ ಎಷ್ಟೋ ಜನ ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪತ್ರ ಇಟ್ಟುಕೊಂಡೇ ಹತ್ತು ವರ್ಷ ಕೆಲಸ ಮಾಡಿರುತ್ತಾರೆ. ಘಟಿಕೋತ್ಸವದ ಪದವಿ ಪತ್ರವನ್ನು ತೆಗೆದುಕೊಂಡೇ ಇರುವುದಿಲ್ಲ. ಅದನ್ನು ಈಗಲೇ ತರಿಸಿಕೊಳ್ಳಿ.

## ಹಂತ 3: ಒಪ್ಪಂದ ಓದಿ, ಆಮೇಲೆ ವೀಸಾ ಹಾಕಿ

ಒಪ್ಪಂದದಲ್ಲಿ 'ಬ್ರುಟೊ' ಅಂತ ಇರುವುದು ಕಡಿತಕ್ಕೆ ಮೊದಲಿನ ಸಂಬಳ. 'ನೆಟೊ' ಕೈಗೆ ಬರುವುದು. ವರ್ಷಕ್ಕೆ 60,000 ಯೂರೊ ಅಂದರೆ ತಿಂಗಳಿಗೆ 5,000 ಅಂತ ಲೆಕ್ಕ ಹಾಕಿ ಮನೆಯವರಿಗೆ ಹೇಳಿಬಿಡಬೇಡಿ. ಒಬ್ಬರೇ ಇದ್ದರೆ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 3,100ರಿಂದ 3,200. ಮದುವೆಯಾದವರಿಗೆ ತೆರಿಗೆ ಕಡಿಮೆ ಆಗುವ ದಾರಿ ಇದೆ. ಆದರೆ ಹೆಂಡತಿ ಅಥವಾ ಗಂಡ ಜರ್ಮನಿಗೆ ಬಂದು ನೋಂದಣಿ ಆದ ಮೇಲಷ್ಟೇ. ಅವರು ಊರಲ್ಲಿದ್ದರೆ ನೀವು ಒಬ್ಬರೇ ಅಂತ ಲೆಕ್ಕ.

ಪದವೀಧರರಿಗೆ ಒಳ್ಳೆಯ ದಾರಿ 'ಇಯು ಬ್ಲೂ ಕಾರ್ಡ್' ಅನ್ನುವ ಕೆಲಸ, ವಾಸದ ಪರವಾನಗಿ. ಅದಕ್ಕೆ ಕನಿಷ್ಠ ಸಂಬಳದ ಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೊ ಇತ್ತು. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನ ಸಾಲದ ಕೆಲಸಗಳಿಗೆ ಮತ್ತು ಹೊಸದಾಗಿ ಪದವಿ ಮುಗಿಸಿದವರಿಗೆ 43,759 ಯೂರೊ 80 ಸೆಂಟ್ ಇತ್ತು. ಪ್ರತಿ ಜನವರಿಯಲ್ಲಿ ಇದು ಬದಲಾಗುತ್ತದೆ, ಸಾಮಾನ್ಯವಾಗಿ ಏರುತ್ತದೆ. ಡಿಸೆಂಬರ್‌ನಲ್ಲಿ ಮಿತಿಗೆ ಕೂದಲೆಳೆಯಷ್ಟು ಮೇಲಿರುವ ಒಪ್ಪಂದಕ್ಕೆ ಸಹಿ ಹಾಕಿದರೆ ಜನವರಿಯಲ್ಲಿ ಅದು ಸಾಲದೆ ಹೋಗಬಹುದು. ಹಾಗಾಗಿ ಸ್ವಲ್ಪ ಎತ್ತರಕ್ಕೇ ಕೇಳಿ.

ಕರ್ನಾಟಕದವರು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ನಿಮಗೆ ಬೇಕಾದದ್ದು 'ಡಿ' ವೀಸಾ, ಅಂದರೆ ದೀರ್ಘ ವಾಸದ ವೀಸಾ. ಶುಲ್ಕ 75 ಯೂರೊ. ಕಾನ್ಸುಲೇಟ್ ಕೊಡುವ ಚೆಕ್‌ಲಿಸ್ಟ್ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಕಾಗದ ಜೋಡಿಸಿ. ಕಂಪನಿಯವರು ತುಂಬಿ ಸಹಿ ಹಾಕಬೇಕಾದ 'ಉದ್ಯೋಗದ ಘೋಷಣೆ' ಫಾರಂ ಒಂದಿದೆ. ಅದನ್ನು ಒಪ್ಪಂದದ ಜೊತೆಯಲ್ಲೇ ಕೇಳಿ ತರಿಸಿಕೊಳ್ಳಿ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ವೀಸಾ ಬರುವ ಮೊದಲೇ ರಾಜೀನಾಮೆ ಕೊಡುವುದು. ಬೆಂಗಳೂರಿನ ಕಂಪನಿಗಳಲ್ಲಿ ನೋಟಿಸ್ ಅವಧಿ 60, 90 ದಿನ ಇರುತ್ತದೆ, ಗೊತ್ತು. ಅದಕ್ಕೇ ಜರ್ಮನ್ ಕಂಪನಿಯನ್ನು ಮೊದಲೇ ಕೇಳಿ: ಕೆಲಸ ಶುರುವಾಗುವ ದಿನಾಂಕವನ್ನು ವೀಸಾ ಸಿಕ್ಕ ಮೇಲೆ ಬದಲಾಯಿಸಲು ಆಗುತ್ತದೆಯಾ? ಇಂಥ ಮನವಿ ಅವರಿಗೆ ಹೊಸದಲ್ಲ.

ವೀಸಾ ಚೀಟಿ ಕೈಗೆ ಬಂದ ಕೂಡಲೇ ನಿಂತಲ್ಲೇ ಮೂರು ನೋಡಿ. ಹೆಸರಿನ ಅಕ್ಷರ. ಯಾವತ್ತಿನಿಂದ ಯಾವತ್ತಿನವರೆಗೆ. ಕೆಳಗಿನ ಟಿಪ್ಪಣಿಯಲ್ಲಿ ನಿಮ್ಮ ಕಂಪನಿಯ ಹೆಸರು. ತಪ್ಪಿದ್ದರೆ ಊರಲ್ಲಿದ್ದಾಗಲೇ ತಿದ್ದಿಸುವುದು ಸುಲಭ.

## ಹಂತ 4: ಊರಿನ ಲೆಕ್ಕ ಕಟ್ಟಿಟ್ಟು ಹೊರಡಿ

ಮೊದಲು ಮೊಬೈಲ್ ನಂಬರ್. ನಿಮ್ಮ ಬ್ಯಾಂಕ್, ಆಧಾರ್, ಪಿಎಫ್, ಆದಾಯ ತೆರಿಗೆ ಎಲ್ಲದರ ಒಟಿಪಿ ಬರುವುದು ಆ ನಂಬರಿಗೆ. ಅದು ನಿಂತರೆ ಊರಿನ ದುಡ್ಡು ಕಣ್ಣಿಗೆ ಕಾಣುತ್ತದೆ, ಕೈಗೆ ಬರಲ್ಲ. ಹೊರಡುವ ಮೊದಲು ಅದನ್ನು ಇ-ಸಿಮ್ ಮಾಡಿಸಿ, ರೋಮಿಂಗ್ ಆನ್ ಮಾಡಿಸಿ. 90 ದಿನ ಬಳಕೆಯೇ ಇಲ್ಲದಿದ್ದರೆ ನಂಬರ್ ಕೈತಪ್ಪಬಹುದು, ಆದ್ದರಿಂದ ರೀಚಾರ್ಜ್ ನೆನಪಿಡಿ. ಪೋರ್ಟ್, ಇ-ಸಿಮ್ ಏನೇ ಮಾಡುವುದಿದ್ದರೂ ಹೊರಡುವುದಕ್ಕೆ ಹದಿನೈದು ದಿನ ಮೊದಲೇ ಮುಗಿಸಿ. ವಿಮಾನ ನಿಲ್ದಾಣದಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು.

ಎರಡನೆಯದು ಬ್ಯಾಂಕ್. ಕೆಲಸಕ್ಕೆಂದು ವಿದೇಶಕ್ಕೆ ಹೊರಟವರು ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿ ಆಗುತ್ತಾರೆ. ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಬಾಡಿಗೆ, ಬಡ್ಡಿಯಂಥ ಊರಿನ ಆದಾಯ ಅದಕ್ಕೆ. ಅಲ್ಲಿ ದುಡಿದು ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. 'ಯಾರಿಗೆ ಗೊತ್ತಾಗತ್ತೆ' ಅಂತ ಸುಮ್ಮನಿದ್ದವರಿಗೆ ಆಮೇಲೆ ಸೈಟು ಮಾರುವಾಗಲೋ, ದುಡ್ಡು ಹೊರಗೆ ತರುವಾಗಲೋ ತೊಡಕಾಗುತ್ತದೆ.

ಮೂರನೆಯದು ಜಿಪಿಎ. ಮನೆ, ಜಮೀನು, ಖಾತೆ ಕೆಲಸ ಬಾಕಿ ಇದ್ದರೆ ನಂಬುವವರ ಹೆಸರಿಗೆ ಬೇಕಾದಷ್ಟೇ ಅಧಿಕಾರದ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ ಹೊರಡಿ. ವಿದೇಶದಿಂದ ಕಳಿಸುವುದಾದರೆ ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಬೇಕು. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಊರಲ್ಲೇ ಒಂದು ದಿನ ರಜಾ ಹಾಕಿ ಮುಗಿಸುವುದು ವಾಸಿ.

ಮೊದಲ ತಿಂಗಳ ಖರ್ಚಿನ ಹಣವನ್ನು ಫಾರೆಕ್ಸ್ ಕಾರ್ಡ್‌ಗೆ ತುಂಬಿಸಿ. ಎಷ್ಟು ಬೇಕು? ಲೆಕ್ಕ ಹತ್ತನೇ ಹಂತದಲ್ಲಿದೆ.

## ಹಂತ 5: ಪೆಟ್ಟಿಗೆ ಕಟ್ಟುವಾಗ

ಮೂಲ ದಾಖಲೆಗಳೆಲ್ಲ ಕೈಚೀಲದಲ್ಲಿ. ಚೆಕ್-ಇನ್ ಬ್ಯಾಗಿನಲ್ಲಿ ಬೇಡವೇ ಬೇಡ.

ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಮಿಕ್ಸಿ ನಡೆಯುತ್ತದೆ, ಪ್ಲಗ್ ಮಾತ್ರ ಬೇರೆ. ಒಳ್ಳೆಯ ಅಡಾಪ್ಟರ್ ಸಾಕು. ಕುಕ್ಕರ್ ಮಾತ್ರ ಇಂಡಕ್ಷನ್ ತಳದ್ದೇ ತನ್ನಿ. ಹೊಸ ಮನೆಗಳಲ್ಲಿ ಇಂಡಕ್ಷನ್ ಒಲೆ ಇದ್ದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗಲ್ಲ.

ತುಪ್ಪ, ಪನೀರ್, ಖೋವಾ, ಮಾಂಸದ ಉಪ್ಪಿನಕಾಯಿ ಯುರೋಪಿಗೆ ತರುವಂತಿಲ್ಲ. ಹಸಿ ಕರಿಬೇವನ್ನೂ ಬ್ಯಾಗಿಗೆ ಹಾಕಬೇಡಿ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಚೆನ್ನಾಗಿ ಸೀಲ್ ಮಾಡಿಸಿ ತನ್ನಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಬ್ರ್ಯಾಂಡ್ ಅಲ್ಲಿ ಯಾರಿಗೂ ಗೊತ್ತಾಗಲ್ಲ.

## ಹಂತ 6: ನೋಂದಣಿಗೆ ಒಪ್ಪುವ ಮೊದಲ ಮನೆ

ಇಡೀ ಸರಪಳಿಯ ಮೊದಲ ಕೊಂಡಿ ಇದು. ಬಂದ ದಿನ ಉಳಿಯಲು ಒಂದು ಕೋಣೆ ಸಿಕ್ಕರೆ ಸಾಲದು. ಆ ಕೋಣೆಯ ಮಾಲೀಕರು ನಿಮಗೆ ಒಂದು ಕಾಗದ ಕೊಡಬೇಕು: 'ಇಂಥವರು ಇಂಥ ದಿನದಿಂದ ನಮ್ಮ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ.' ಅದರ ಹೆಸರು 'ವೋನುಂಗ್ಸ್‌ಗೇಬರ್-ಬೆಶ್ಟೇಟಿಗುಂಗ್'. ನಾಲಿಗೆ ಹೊರಳದಿದ್ದರೂ ಈ ಪದ ಬರೆದಿಟ್ಟುಕೊಳ್ಳಿ. ಬಾಡಿಗೆ ಕರಾರು ಇದರ ಬದಲಿಗೆ ನಡೆಯಲ್ಲ. 2015ರ ನವೆಂಬರ್‌ನಿಂದ ಈ ಕಾಗದ ಕಡ್ಡಾಯ.

ಮುಂಗಡ ಕಟ್ಟುವ ಮೊದಲು ಮಾಲೀಕರಿಗೆ ಬರೆದು ಕೇಳಿ: ಇಲ್ಲಿ 'ಆನ್‌ಮೆಲ್ಡುಂಗ್' ಮಾಡಬಹುದಾ? ಆನ್‌ಮೆಲ್ಡುಂಗ್ ಅಂದರೆ ವಿಳಾಸ ನೋಂದಣಿ. ಉತ್ತರವೂ ಬರಹದಲ್ಲೇ ಇರಲಿ. ಹೋಟೆಲ್, ಪ್ರವಾಸಿಗರ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಇದು ಆಗಲ್ಲ. ಒಂದು ತಿಂಗಳು ಅಂಥ ಕಡೆ ಇದ್ದರೆ ಒಂದು ತಿಂಗಳು ನಿಮ್ಮ ಎಲ್ಲ ಕೆಲಸವೂ ನಿಂತಿರುತ್ತದೆ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ನೋಂದಣಿಗೆ ಒಪ್ಪುವ ಮನೆಯನ್ನೇ ಹಿಡಿಯಿರಿ. ಸಜ್ಜಾದ ಕೋಣೆ ಎರಡು ಮೂರು ತಿಂಗಳಿಗೆ ಸಾಕು. ಅಷ್ಟರಲ್ಲಿ ಇಲ್ಲೇ ಓಡಾಡಿ ಸ್ವಂತದ್ದು ಹುಡುಕಬಹುದು.

ಎಚ್ಚರಿಕೆಯ ಗುರುತುಗಳು ಹೀಗಿರುತ್ತವೆ. ಬಾಡಿಗೆ ಆ ಊರಿನ ದರಕ್ಕಿಂತ ತೀರಾ ಕಡಿಮೆ. ಮಾಲೀಕರು ಈಗ ಬೇರೆ ದೇಶದಲ್ಲಿದ್ದಾರಂತೆ. ಹಣ ಕಳಿಸಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ. ಪಾಸ್‌ಪೋರ್ಟ್ ಪ್ರತಿ ಮೊದಲೇ ಬೇಕಂತೆ. ಇವುಗಳಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ನೀವು ಅಥವಾ ನಿಮಗೆ ಗೊತ್ತಿರುವವರು ಬಾಗಿಲು ತೆರೆದು ನೋಡದ ಮನೆಗೆ ಒಂದು ಸೆಂಟ್ ಕೂಡ ಕಳಿಸಬೇಡಿ. ದೂರದಿಂದಲೇ ಕಾಯ್ದಿರಿಸಬೇಕಾದರೆ ಕಂಪನಿಯವರು ಗೊತ್ತುಮಾಡಿಕೊಟ್ಟ ಜಾಗ ವಾಸಿ.

ಇನ್ನೊಂದು ಸುಲಭದ ಸಲಹೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: 'ಸುಮ್ನೆ ಗೆಳೆಯನ ವಿಳಾಸಕ್ಕೆ ನೋಂದಾಯಿಸಿಬಿಡು, ಇರೋದು ಎಲ್ಲಾದರೂ ಇರು.' ಮಾಡಬೇಡಿ. ವಾಸವೇ ಇಲ್ಲದವರಿಗೆ ವಿಳಾಸ ಕೊಟ್ಟವರಿಗೆ 50,000 ಯೂರೊವರೆಗೆ ದಂಡ ಹಾಕಲು ಕಾನೂನಿದೆ. ಸಹಾಯ ಮಾಡಲು ಬಂದ ಗೆಳೆಯನನ್ನು ಸಿಕ್ಕಿಹಾಕಿಸಬೇಡಿ. ನಿಜವಾಗಿಯೂ ಅವನ ಮನೆಯಲ್ಲೇ ಇರುವುದಾದರೆ ಅದು ಬೇರೆ. ಅವನು ತನ್ನ ಮಾಲೀಕರ ಒಪ್ಪಿಗೆ ಪಡೆದು ನಿಮಗೆ ಆ ಕಾಗದ ಕೊಡಬಹುದು.

## ಹಂತ 7: ಎರಡು ವಾರದೊಳಗೆ ಆನ್‌ಮೆಲ್ಡುಂಗ್

ಮನೆಗೆ ಬಂದ ಎರಡು ವಾರದೊಳಗೆ ಊರಿನ 'ಬ್ಯುರ್ಗರ್‌ಆಮ್ಟ್' ಅಥವಾ 'ಬ್ಯುರ್ಗರ್‌ಬ್ಯೂರೊ' ಎಂಬ ನಾಗರಿಕ ಕಚೇರಿಗೆ ಹೋಗಿ ನೋಂದಾಯಿಸಬೇಕು. ದೊಡ್ಡ ಊರುಗಳಲ್ಲಿ ಸಮಯ ಸಿಗುವುದು ಕಷ್ಟ. ವಿಮಾನ ಹತ್ತುವ ಮೊದಲೇ ಕಾಯ್ದಿರಿಸಲು ನೋಡಿ. ಸಿಗದಿದ್ದರೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮತ್ತೆ ನೋಡಿ, ರದ್ದಾದ ಸಮಯಗಳು ಕಾಣಿಸುತ್ತವೆ. ಎರಡು ವಾರದಾಚೆಯ ದಿನ ಸಿಕ್ಕಿದರೆ ಕಾಯ್ದಿರಿಸಿದ ಪುರಾವೆ ಇಟ್ಟುಕೊಳ್ಳಿ.

ತೆಗೆದುಕೊಂಡು ಹೋಗಬೇಕಾದ್ದು ವೀಸಾ ಇರುವ ಪಾಸ್‌ಪೋರ್ಟ್, ತುಂಬಿದ ಫಾರಂ, ಮಾಲೀಕರ ಆ ಕಾಗದ. ಕುಟುಂಬ ಜೊತೆಗಿದ್ದರೆ ಮದುವೆ ಮತ್ತು ಜನನದ ಪತ್ರಗಳು. ಕೆಲವು ಕಡೆ ಪ್ರಮಾಣೀಕೃತ ಅನುವಾದಕರು ಮಾಡಿದ ಜರ್ಮನ್ ಅನುವಾದ ಕೇಳುತ್ತಾರೆ.

ಫಾರಂನಲ್ಲಿ ಧರ್ಮದ ಖಾನೆ ಇದೆ. ಇದನ್ನು ವಿಶೇಷವಾಗಿ ಮಂಗಳೂರು ಕಡೆಯ ಕ್ರೈಸ್ತ ಗೆಳೆಯರಿಗಾಗಿ ಬರೆಯುತ್ತಿದ್ದೇನೆ. ಕ್ಯಾಥಲಿಕ್ ಅಥವಾ ಪ್ರೊಟೆಸ್ಟಂಟ್ ಅಂತ ಬರೆದರೆ ಸಂಬಳದಿಂದ ಚರ್ಚ್ ತೆರಿಗೆ ಕಡಿತವಾಗುತ್ತದೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಆದಾಯ ತೆರಿಗೆಯ ಶೇ. 8, ಉಳಿದ ಕಡೆ ಶೇ. 9. ಅದು ನಿಮ್ಮ ನಂಬಿಕೆಯ ವಿಷಯ, ಸುಳ್ಳು ಬರೆಯಿರಿ ಅಂತ ಹೇಳುತ್ತಿಲ್ಲ. ತೆರಿಗೆ ಇದೆ ಅಂತ ತಿಳಿದು ಬರೆಯಿರಿ. ಹಿಂದೂ, ಜೈನ, ಮುಸ್ಲಿಮರಿಗೆ ಇಂಥ ತೆರಿಗೆ ಇಲ್ಲ.

ಕೊನೆಗೆ ಕೊಡುವ ಒಂದು ಹಾಳೆಯ ನೋಂದಣಿ ಪತ್ರವನ್ನು ಕೌಂಟರ್‌ನಿಂದ ಏಳುವ ಮೊದಲು ಓದಿ. ಹೆಸರಿನ ಎರಡು ಖಾನೆ ಅದಲುಬದಲಾಗಿರುವುದು ನಮ್ಮವರಿಗೆ ಮಾಮೂಲು. ಆಗಲೇ ಹೇಳಿದರೆ ಐದು ನಿಮಿಷದ ಕೆಲಸ. ಆಮೇಲೆ ಆ ತಪ್ಪು ಟ್ಯಾಕ್ಸ್, ವಿಮೆ, ಪಿಂಚಣಿ ಎಲ್ಲ ಕಡೆಗೂ ಹರಡುತ್ತದೆ.

## ಹಂತ 8: ಅಂಚೆ ಪೆಟ್ಟಿಗೆ ಮೇಲೆ ಹೆಸರು, ಆಮೇಲೆ ಟ್ಯಾಕ್ಸ್ ಸಂಖ್ಯೆ ಮತ್ತು ಬ್ಯಾಂಕ್

ನಾನು ಬಂದಾಗ ಇದ್ದ ಕಟ್ಟಡದ ಬಾಗಿಲಲ್ಲಿ ಎಂಟು ಗುಂಡಿ, ಪಕ್ಕದಲ್ಲಿ ಎಂಟು ಹೆಸರು. ಒಳಗೆ ಎಂಟು ತಗಡಿನ ಪೆಟ್ಟಿಗೆ, ಅವುಗಳ ಮೇಲೂ ಅದೇ ಎಂಟು ಹೆಸರು. ಫ್ಲ್ಯಾಟ್ ನಂಬರ್ ಎಲ್ಲೂ ಇಲ್ಲ. 201, 202 ಅಂತ ಹುಡುಕಿ ಹುಡುಕಿ ಸುಸ್ತಾಗಿದ್ದೆ. ಇಲ್ಲಿ ಹೆಸರೇ ಮನೆ ನಂಬರ್. ಅಂಚೆಯವರು ಹೆಸರು ನೋಡಿ ಹಾಕುತ್ತಾರೆ, ಕಾಣದಿದ್ದರೆ ವಾಪಸ್ ಒಯ್ಯುತ್ತಾರೆ. ನೆರೆಯವರನ್ನು ಕೇಳುವ, ಸೆಕ್ಯುರಿಟಿ ಕೈಗೆ ಕೊಡುವ ಪದ್ಧತಿ ಇಲ್ಲ.

ಆದ್ದರಿಂದ ಕೀಲಿ ಸಿಕ್ಕ ದಿನವೇ, ಸೂಟ್‌ಕೇಸ್ ಬಿಚ್ಚುವ ಮೊದಲು, ಹೆಸರಿನ ಚೀಟಿ ಅಂಟಿಸಿ. ಪಾಸ್‌ಪೋರ್ಟ್‌ನಲ್ಲಿರುವ ಮನೆತನದ ಹೆಸರನ್ನೇ ಬರೆಯಿರಿ. ಕರೆಯುವ ಹೆಸರು ಬೇಡ. ಮಾಲೀಕರು ಅಚ್ಚು ಹಾಕಿಸಿ ಕೊಡುತ್ತೇವೆ ಅಂದರೂ ಅದು ಬರುವವರೆಗೆ ಕಾಗದ, ಸೆಲ್ಲೋಟೇಪು ಸಾಕು. ಇನ್ನೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದನ್ನೂ ಸೇರಿಸಿ.

ನೋಂದಣಿಯಾದ ಎರಡರಿಂದ ನಾಲ್ಕು ವಾರದಲ್ಲಿ 11 ಅಂಕಿಯ ಟ್ಯಾಕ್ಸ್ ಸಂಖ್ಯೆ ಆ ಪೆಟ್ಟಿಗೆಗೆ ಬರುತ್ತದೆ. ಕೇಂದ್ರ ತೆರಿಗೆ ಕಚೇರಿಯಿಂದ ಬರುವ ಮಾಮೂಲಿ ಪತ್ರ ಅದು, ಜಾಹೀರಾತು ಅಂತ ಎಸೆಯಬೇಡಿ. ಜೀವನಪೂರ್ತಿ ಅದೇ ಸಂಖ್ಯೆ. ಕಂಪನಿಗೆ ಕೂಡಲೇ ಕೊಡಿ. ಕೊಡದಿದ್ದರೆ ಅತಿ ಜಾಸ್ತಿ ಕಡಿತವಾಗುವ ಆರನೇ ತೆರಿಗೆ ವರ್ಗಕ್ಕೆ ನಿಮ್ಮನ್ನು ಹಾಕಬಹುದು. ಹಾಸನದ ಹುಡುಗನಿಗೆ ಆದದ್ದು ಅದೇ. ಹೆಚ್ಚು ಕಡಿತವಾದ ದುಡ್ಡು ಮುಂದಿನ ಸಂಬಳದಲ್ಲೋ ವರ್ಷದ ತೆರಿಗೆ ಲೆಕ್ಕದಲ್ಲೋ ವಾಪಸ್ ಬರುತ್ತದೆ. ಆದರೆ ಮುಂಗಡ ಕಟ್ಟಬೇಕಾದ ತಿಂಗಳಲ್ಲೇ ಕೈ ಖಾಲಿ ಆದರೆ ಕಷ್ಟ ಅಲ್ವಾ?

ನಾಲ್ಕು ವಾರವಾದರೂ ಪತ್ರ ಬರದಿದ್ದರೆ ಕಾಯುತ್ತಾ ಕೂರಬೇಡಿ. ಪಾಸ್‌ಪೋರ್ಟ್, ನೋಂದಣಿ ಪತ್ರ ಹಿಡಿದು ಹತ್ತಿರದ 'ಫಿನಾನ್ಸ್‌ಆಮ್ಟ್'ಗೆ, ಅಂದರೆ ತೆರಿಗೆ ಕಚೇರಿಗೆ ಹೋಗಿ ಕೇಳಿ.

ಬ್ಯಾಂಕ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 'ಗಿರೋಕೊಂಟೊ' ಅನ್ನುವ ಸಂಬಳದ ಖಾತೆ ತೆರೆಯಿರಿ. ನೋಂದಣಿ ಪತ್ರ ಕೈಯಲ್ಲಿದ್ದರೆ ಯಾವ ಬ್ಯಾಂಕಿನಲ್ಲೂ ತೊಂದರೆ ಕಡಿಮೆ. ವಿಡಿಯೊ ಮೂಲಕ ಗುರುತು ಪರಿಶೀಲನೆ ಭಾರತೀಯ ಪಾಸ್‌ಪೋರ್ಟ್‌ಗೆ ಕೆಲವೊಮ್ಮೆ ನಡೆಯಲ್ಲ. ಆಗ ಅಂಚೆ ಕಚೇರಿಯಲ್ಲಿ ಖುದ್ದಾಗಿ ಗುರುತು ತೋರಿಸುವ ದಾರಿ ಕೇಳಿ.

## ಹಂತ 9: ಆರೋಗ್ಯ ವಿಮೆ, ಕೆಲಸದ ಮೊದಲ ದಿನಕ್ಕೆ ಮುಂಚೆ

ಇದು ಏಳು, ಎಂಟರ ಜೊತೆಜೊತೆಗೇ ನಡೆಯಬೇಕು. ಸರ್ಕಾರಿ ನಿಯಮದಡಿ ನಡೆಯುವ ವಿಮಾ ಸಂಸ್ಥೆಗಳಲ್ಲಿ ಒಂದನ್ನು ಆರಿಸಿ ಸದಸ್ಯರಾಗಿ, ಅದರ ಹೆಸರನ್ನು ಕಂಪನಿಗೆ ತಿಳಿಸಿ. ಟಿಕೆ, ಎಒಕೆ, ಬಾರ್ಮರ್ ಅಂಥವು. ಸಂಬಳದ ಶೇ. 14.6, ಜೊತೆಗೆ ಸಂಸ್ಥೆಗೊಂದು ಹೆಚ್ಚುವರಿ ದರ. ಒಟ್ಟಿನಲ್ಲಿ ಅರ್ಧ ನಿಮ್ಮದು, ಅರ್ಧ ಕಂಪನಿಯದು. ದುಡಿಯದ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಬೇರೆ ಹಣ ಕಟ್ಟದೆಯೇ ವಿಮೆ ಸಿಗುತ್ತದೆ.

ಒಂದು ಸಂದು ಇದೆ. ಈ ವಿಮೆ ಶುರುವಾಗುವುದು ಕೆಲಸದ ಮೊದಲ ದಿನದಿಂದ. ನೀವು 20ನೇ ತಾರೀಖು ಬಂದು 1ನೇ ತಾರೀಖು ಕೆಲಸಕ್ಕೆ ಸೇರಿದರೆ ನಡುವಿನ ದಿನಗಳಿಗೆ ಊರಿನಿಂದಲೇ ಪ್ರಯಾಣ ವಿಮೆ ತಂದಿರಬೇಕು.

ವರ್ಷದ ಸಂಬಳ ಒಂದು ಮಿತಿ ದಾಟಿದವರಿಗೆ ಖಾಸಗಿ ವಿಮೆಯ ಆಯ್ಕೆಯೂ ಇದೆ. 2025ರಲ್ಲಿ ಆ ಮಿತಿ 73,800 ಯೂರೊ ಇತ್ತು. ಏಜೆಂಟರು ಮೊದಲ ವಾರದಲ್ಲೇ ಬೆನ್ನು ಹತ್ತುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಅಗ್ಗ ಅನ್ನಿಸುವುದು ನಿಜ. ಆದರೆ ಅಲ್ಲಿ ಮನೆಯ ಒಬ್ಬೊಬ್ಬರಿಗೂ ಬೇರೆ ಕಂತು, ವಯಸ್ಸಾದಂತೆ ಏರಿಕೆ, ವಾಪಸ್ ಬರುವುದೂ ಸುಲಭವಲ್ಲ. 55 ವರ್ಷ ದಾಟಿದರೆ ಬಹುತೇಕ ಬಾಗಿಲು ಮುಚ್ಚಿದಂತೆ. ಮೊದಲ ವರ್ಷ ಸರ್ಕಾರಿ ನಿಯಮದ ವಿಮೆಯಲ್ಲೇ ಇರಿ ಅನ್ನುವುದು ನನ್ನ ಸಲಹೆ.

ತುರ್ತಿಗೆ 112. ಪೊಲೀಸರಿಗೆ 110. ರಾತ್ರಿ ಜ್ವರ ಬಂತು, ತುರ್ತಲ್ಲ ಆದರೆ ವೈದ್ಯರು ಬೇಕು ಅಂದರೆ 116117.

## ಹಂತ 10: ಸ್ವಂತ ಬಾಡಿಗೆ ಮನೆ

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. 'ಕಾಲ್ಟ್‌ಮೀಟೆ' ಬರೀ ಗೋಡೆಗಳ ಬಾಡಿಗೆ. 'ವಾರ್ಮ್‌ಮೀಟೆ' ಅಂದರೆ ಕಟ್ಟಡದ ಖರ್ಚು ಸೇರಿ, ಸಾಮಾನ್ಯವಾಗಿ ಬಿಸಿ ನೀರು, ಹೀಟರ್ ಕೂಡ. ವಿದ್ಯುತ್, ಇಂಟರ್ನೆಟ್ ಬೇರೆ. ಮುಂಗಡಕ್ಕೆ 'ಕೌತ್ಸಿಯೋನ್' ಅನ್ನುತ್ತಾರೆ. ಕಾಲ್ಟ್‌ಮೀಟೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ, ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ನಿಮಗಿದೆ. ಕಾಲ್ಟ್‌ಮೀಟೆ 900, ವಾರ್ಮ್‌ಮೀಟೆ 1,150 ಅಂದುಕೊಳ್ಳಿ. ಮುಂಗಡ 2,700, ಮೊದಲ ಬಾಡಿಗೆ 1,150. ಒಟ್ಟು 3,850 ಯೂರೊ. ಸಂಬಳ ಬರುವುದು ತಿಂಗಳ ಕೊನೆಗೆ. ತಾತ್ಕಾಲಿಕ ಕೋಣೆ, ಊಟ, ಓಡಾಟ ಬೇರೆ. ನಾಲ್ಕನೇ ಹಂತದಲ್ಲಿ ಕಾರ್ಡ್‌ಗೆ ತುಂಬಿಸಿ ಅಂದದ್ದು ಈ ಲೆಕ್ಕ ನೋಡಿ.

ಮನೆ ನೋಡಲು ಹೋದಾಗ ಅಡುಗೆಮನೆಯ ಬಾಗಿಲು ತೆರೆದು ನೋಡಿ. ಎಷ್ಟೋ ಮನೆಗಳಲ್ಲಿ ಸಿಂಕ್, ಒಲೆ, ಕಪಾಟು ಯಾವುದೂ ಇರಲ್ಲ. ಗೋಡೆಯಿಂದ ಎರಡು ಕೊಳವೆ ಹೊರಗೆ ಬಂದಿರುತ್ತವೆ, ಅಷ್ಟೇ. ಅಡುಗೆಮನೆ ಜೋಡಿಸಿರುವ ಮನೆಗೆ 'ಐನ್‌ಬೌಕ್ಯುಖೆ' ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ.

ಮೂರು ತಿಂಗಳ ಸಂಬಳ ಚೀಟಿ, ಸಾಲದ ನಡತೆ ತೋರಿಸುವ 'ಶೂಫಾ' ವರದಿ, ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ. ಹೊಸಬರಿಗೆ ಮೊದಲೆರಡು ಇರಲ್ಲ. ಕೆಲಸದ ಒಪ್ಪಂದ ಮತ್ತು ಕಂಪನಿಯ ಪತ್ರ ಇಟ್ಟು, ನೀವು ಯಾರು, ಯಾಕೆ ಈ ಮನೆ ಬೇಕು ಅಂತ ಜರ್ಮನ್‌ನಲ್ಲಿ ಹತ್ತು ಸಾಲು ಬರೆದು ಕೊಡಿ. ಅದಕ್ಕೆ ಬೆಲೆ ಇದೆ.

ಕೀಲಿ ತೆಗೆದುಕೊಳ್ಳುವ ದಿನ ಹಸ್ತಾಂತರ ಪತ್ರ ಬರೆಯುತ್ತಾರೆ. ಗೋಡೆಯ ಗೀರು, ಒಡೆದ ಟೈಲ್, ಮೀಟರ್ ಅಂಕಿ ಎಲ್ಲ ಅದರಲ್ಲಿ ಬರಬೇಕು. ಫೋಟೊ ತೆಗೆಯಿರಿ. ನಾನು ಮೊದಲ ಮನೆಯಲ್ಲಿ ನಾಚಿಕೊಂಡು ಎರಡು ಗೀರು ಬರೆಸಲಿಲ್ಲ. ಬಿಡುವಾಗ ಅವು ನನ್ನ ಲೆಕ್ಕಕ್ಕೆ ಬಂದವು.

ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯಬೇಕು. ನಮ್ಮ ಅಡುಗೆಯ ಹಬೆ ಜಾಸ್ತಿ. ಅನ್ನ, ಸಾರು ಕುದಿದ ಹಬೆ ತಣ್ಣನೆಯ ಮೂಲೆಗೆ ಹೋಗಿ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಮುಂಗಡ ಕಡಿತಕ್ಕೆ ಇದು ದೊಡ್ಡ ಕಾರಣ. ಒಗ್ಗರಣೆ ಹಾಕುವ ಮೊದಲು ಚಿಮಣಿ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿ. ಕೋಣೆಗಳಲ್ಲಿರುವ ಹೊಗೆ ಸೂಚಕ ಮೆಣಸಿನಕಾಯಿಯ ಹೊಗೆಗೂ ಕೂಗುತ್ತದೆ. ಸ್ಟುಟ್‌ಗಾರ್ಟ್ ಕಡೆ ಬಂದರೆ ಒಂದು ದಿನ ನಿಮ್ಮ ಬಾಗಿಲಿಗೆ 'ಕೇರ್‌ವೊಖೆ' ಅನ್ನುವ ಹಲಗೆ ನೇತಾಡುತ್ತಿರಬಹುದು. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ತಪ್ಪಿಸಬೇಡಿ. ನೆರೆಯವರ ಜೊತೆಗಿನ ಸ್ನೇಹ ಅಲ್ಲಿಂದಲೇ ಶುರು.

ಮನೆ ಬದಲಾದ ಮೇಲೆ ಮತ್ತೆ ಎರಡು ವಾರದೊಳಗೆ ಹೊಸ ವಿಳಾಸ ನೋಂದಾಯಿಸಿ, ಮತ್ತೆ ಪೆಟ್ಟಿಗೆ ಮೇಲೆ ಹೆಸರು.

## ಹಂತ 11: ವಾಸದ ಪರವಾನಗಿ

ಡಿ ವೀಸಾ ಮುಗಿಯುವ ಮೊದಲು 'ಔಸ್‌ಲೆಂಡರ್‌ಬೆಹ್ಯೋರ್ಡೆ' ಅಂದರೆ ವಿದೇಶಿಯರ ಕಚೇರಿಯಿಂದ ಬ್ಲೂ ಕಾರ್ಡ್ ಪಡೆಯಬೇಕು. ಎಲ್ಲ ಊರಲ್ಲೂ ಇಲ್ಲಿ ಸರದಿ ಉದ್ದ. ಆನ್‌ಮೆಲ್ಡುಂಗ್ ಆದ ವಾರವೇ ಅರ್ಜಿ ಹಾಕಿ. ವೀಸಾ ಮುಗಿಯುವ ಮೊದಲೇ ಅರ್ಜಿ ತಲುಪಿದೆ ಅನ್ನುವ ಪುರಾವೆ ನಿಮ್ಮ ಹತ್ತಿರ ಇರಬೇಕು.

ಕಾರ್ಡ್ ತಡವಾದರೆ ಮಧ್ಯಕಾಲಕ್ಕೆ 'ಫಿಕ್ತ್ಸಿಯೋನ್ಸ್‌-ಬೆಶೈನಿಗುಂಗ್' ಅನ್ನುವ ಪತ್ರ ಕೊಡುತ್ತಾರೆ. ಅದರಲ್ಲಿ ಕಾನೂನಿನ 81ನೇ ಕಲಮಿನ 4ನೇ ಉಪಕಲಂಗೆ ಗುರುತು ಹಾಕಿದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. 3ನೇ ಉಪಕಲಂಗೆ ಹಾಕಿದ್ದರೆ ಹೋದವರು ಹಾಗೇ ವಾಪಸ್ ಬರಲಾಗಲ್ಲ. ತಂಗಿ ಮದುವೆಗೆ ಟಿಕೆಟ್ ಮಾಡುವ ಮೊದಲು ಆ ಗುರುತು ನೋಡಿ.

ಬ್ಲೂ ಕಾರ್ಡ್‌ನ ಮೊದಲ 12 ತಿಂಗಳಲ್ಲಿ ಕೆಲಸ ಬದಲಾಯಿಸಿದರೆ ಈ ಕಚೇರಿಗೆ ತಿಳಿಸಬೇಕು. ಕಾಯಂ ವಾಸದ ಪರವಾನಗಿಗೆ ಬ್ಲೂ ಕಾರ್ಡ್‌ನವರಿಗೆ 27 ತಿಂಗಳು, ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳು. ಆ ಆರು ತಿಂಗಳಿಗಾಗಿ ಅಲ್ಲ, ನಿಮ್ಮ ಸಲುವಾಗಿಯೇ ಮೊದಲ ತಿಂಗಳಿಂದ ಭಾಷೆ ಕಲಿಯಿರಿ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಮೇಲೆ ಹೇಳಿದ ಯಾವ ಕಚೇರಿಯಲ್ಲೂ ಅದನ್ನೇ ನಂಬಿ ಹೋಗಬೇಡಿ.

ಕಾರು ಓಡಿಸುವವರಿಗೆ ಒಂದು ಮಾತು: ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು.

## ಹಂತ 12: ಮನೆಯವರನ್ನು ಕರೆಸಿಕೊಳ್ಳುವುದು

ಬ್ಲೂ ಕಾರ್ಡ್‌ನವರ ಹೆಂಡತಿ ಅಥವಾ ಗಂಡನಿಗೆ ಬರುವ ಮೊದಲು ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ಮೇಲೆ ಕೆಲಸ ಮಾಡಲೂ ಅಡ್ಡಿಯಿಲ್ಲ. ಎಲ್ಲರಿಗೂ ಸಾಲುವಷ್ಟು ಜಾಗದ ಮನೆ ಇದೆ ಅನ್ನುವ ಪುರಾವೆಯನ್ನೂ ಈಗ ಕೇಳಲ್ಲ. ಆದರೂ ನೀವು ಮೊದಲು ಬಂದು ಹತ್ತನೇ ಹಂತ ಮುಗಿಸುವುದು ನೆಮ್ಮದಿ.

ಮಕ್ಕಳು ನೋಂದಣಿಯಾದ ಕೂಡಲೇ 'ಕಿಂಡರ್‌ಗೆಲ್ಡ್' ಅರ್ಜಿ ಹಾಕಿ. ಮಕ್ಕಳಿಗಾಗಿ ಸರ್ಕಾರ ಕೊಡುವ ಈ ಹಣ 2025ರಲ್ಲಿ ಮಗುವಿಗೆ ತಿಂಗಳಿಗೆ 255 ಯೂರೊ ಇತ್ತು. ತಡ ಮಾಡಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. ಶಾಲೆಗೆ ಸೇರಿದ ಮಕ್ಕಳನ್ನು ರಜೆಯಲ್ಲದ ದಿನಗಳಲ್ಲಿ ಜಾತ್ರೆ, ಮದುವೆಗೆ ಅಂತ ಊರಿಗೆ ಕರೆದೊಯ್ಯಲು ಶಾಲೆಯ ಅನುಮತಿ ಬೇಕು. ಇಲ್ಲದಿದ್ದರೆ ದಂಡ ಬೀಳುತ್ತದೆ.

## ಹಂತ 13: ಪತ್ರಗಳನ್ನು ಓದುವ ಅಭ್ಯಾಸ

ನೋಂದಣಿಯಾದ ಕೆಲವು ವಾರಕ್ಕೆ ಟಿವಿ, ರೇಡಿಯೊ ಶುಲ್ಕದ ಪತ್ರ ಬರುತ್ತದೆ. ಮೋಸದ ಪತ್ರ ಅಲ್ಲ ಅದು. ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18 ಯೂರೊ 36 ಸೆಂಟ್ ಕಟ್ಟಬೇಕು. ಹಲವರು ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು, ಅವರ ಸಂಖ್ಯೆ ಬರೆದು ಉತ್ತರಿಸಿ. ಓದದೆ ಬಿಟ್ಟವರಿಗೆ ಬಾಕಿಯ ಮೇಲೆ ದಂಡ ಸೇರುತ್ತದೆ.

ವಾರಕ್ಕೊಮ್ಮೆ ಕೂತು ಬಂದ ಪತ್ರಗಳನ್ನೆಲ್ಲ ಫೋನಿನಲ್ಲಿ ಅನುವಾದ ಮಾಡಿ ಓದಿ, ದಿನಾಂಕದ ಪ್ರಕಾರ ಫೈಲಿಗೆ ಹಾಕಿ. ಗಡುವು ಅನ್ನುವುದಕ್ಕೆ ಇಲ್ಲಿ 'ಫ್ರಿಸ್ಟ್' ಅನ್ನುತ್ತಾರೆ. ಆ ಪದ ಕಂಡರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಹಳದಿ ಲಕೋಟೆ ಬಂದರೆ ವಾರದವರೆಗೂ ಕಾಯಬೇಡಿ. ನ್ಯಾಯಾಲಯ, ಪೊಲೀಸ್, ಸರ್ಕಾರಿ ಕಚೇರಿಗಳ ಗಂಭೀರ ಪತ್ರಗಳು ಅದರಲ್ಲಿ ಬರುತ್ತವೆ. ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆ ಪೆನ್ನಿನಲ್ಲಿ ಬರೆದಿರುತ್ತಾರೆ. ನೀವು ಊರಲ್ಲಿದ್ದರೂ, ಓದದೇ ಇದ್ದರೂ, ಗಡುವು ಶುರುವಾಗುವುದು ಆ ದಿನಾಂಕದಿಂದಲೇ. ಕೆಲವಕ್ಕೆ ಎರಡೇ ವಾರ ಇರುತ್ತದೆ. ಪತ್ರದ ಜೊತೆ ಲಕೋಟೆಯನ್ನೂ ಫೈಲಿನಲ್ಲಿಡಿ. ರಜೆಗೆ ಊರಿಗೆ ಹೋಗುವಾಗ ಅಂಚೆ ಪೆಟ್ಟಿಗೆಯ ಕೀಲಿಯನ್ನು ನಂಬಿಕಸ್ಥರ ಕೈಗೆ ಕೊಟ್ಟು, ಹಳದಿ ಬಣ್ಣದ್ದು ಬಂದರೆ ಅವತ್ತೇ ಬಿಚ್ಚಿ ಫೋಟೊ ಕಳಿಸಲು ಹೇಳಿ ಹೋಗಿ.